ಎರಡು ಕೋಲು, ಒಂದು ಕುಣಿ

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನೊಂದು ತಪ್ಪು ಮಾಡಿದೆ. ಸೈನಿಕನೊಬ್ಬನ ಮಣ್ಣು ಮುಗಿದು ಜನ ಹೊರಟಿದ್ದರು. ಯಾರು ಹೊರಟರೂ ಬಾಗಿಲ ತನಕ ಹೋಗಿ ಕಳಿಸಿ ಬರಬೇಕು ಅನ್ನುವುದು ನನ್ನ ಅಜ್ಜ ಕಲಿಸಿದ ರೂಢಿ. ನಾನು ಗೇಟಿನಲ್ಲಿ ನಿಂತು, ಸತ್ತವನ ಸೋದರಮಾವನಿಗೆ ಕೈಮುಗಿದು, "ಹೋಗಿ ಬರ್ರಿ ಯಪ್ಪಾ" ಅಂದುಬಿಟ್ಟೆ. ಆ ಮನುಷ್ಯ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ.

"ಮತ್ತ ಯಾರನ್ನ ಹೊತಗೊಂಡು ಬರೂಣೋ ಮಾರಾಯಾ?" ಅಂದ.

ನೆಲ ಬಾಯಿಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದೆ. ಆವತ್ತು ಕಲಿತದ್ದು ಇದು: ಸಮಾಧಿ ಸ್ಥಳದಿಂದ ಹೋಗುವವರು "ಬರ್ತೇನಿ" ಅನ್ನಬಾರದು, ಕಳಿಸುವವರು "ಬರ್ರಿ" ಅನ್ನಬಾರದು. ಸುಮ್ಮನೆ ಹೋಗಬೇಕು. ಹಿಂದೆ ತಿರುಗಿಯೂ ನೋಡಬಾರದು. ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಇದನ್ನು ನಾಲಿಗೆಗೆ ಕಲಿಸಿರಿ. ಗುದ್ದಲಿ ಹಿಡಿಯುವುದು ಆಮೇಲೆ ತಾನಾಗಿ ಬರುತ್ತದೆ.

ನಾನು ಹುಸೇನಸಾಬ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯ ಬದಿಯಲ್ಲಿ ಸೈನಿಕರಿಗೆಂದೇ ಇಟ್ಟ ಸಮಾಧಿ ಸ್ಥಳದಲ್ಲಿ ಕುಣಿ ತೋಡುವ ಕೆಲಸಕ್ಕೆ ಸೇರಿ, ಮೇಸ್ತ್ರಿಯಾಗಿ ಹೊರಬಂದವನು. ಗಡಿಯಲ್ಲಿ ಸತ್ತು ಪೆಟ್ಟಿಗೆಯಲ್ಲಿ ಬಂದ ನಮ್ಮ ಕಡೆಯ ಹುಡುಗರು ಅಲ್ಲಿದ್ದಾರೆ. ಮೇಲೆ ಒಂದು ಮೊಳ ಎರೆಮಣ್ಣು, ಅದರ ಕೆಳಗೆ ಗಟ್ಟಿ ಹರಳಿನ ಗರಸು, ಅದಕ್ಕೂ ಕೆಳಗೆ ಕರಿಕಲ್ಲು. ಹಾರೆ ಬಡಿದರೆ ಕಿಡಿ ಹಾರುತ್ತದೆ. ಈಗ ಜೇಸಿಬಿ ಬಂದು ಅರ್ಧ ತಾಸಿನೊಳಗೆ ಕುಣಿಯ ಬಾಯಿ ತೆರೆದು ಹೋಗುತ್ತದೆ. ನಮ್ಮ ಕಾಲಕ್ಕೆ ನಾನೂ ಯಲ್ಲಪ್ಪನೂ ಇಬ್ಬರೇ. ಯಲ್ಲಪ್ಪ ತಿಕೋಟಾದವ, ಬಾಯಿ ಸುಮ್ಮನಿರದವ. ಗರಸಿನೊಳಗೆ ಎದೆಮಟ್ಟ ಇಳಿದಾಗಲೂ ಅವನ ಚಾಷ್ಟಿ-ತಮಾಷೆ ನಿಲ್ಲುತ್ತಿರಲಿಲ್ಲ. "ಮಾಮಾ, ನಾವಿಬ್ಬರ ನೋಡು ಈ ಜಿಲ್ಲಾದಾಗ ಕೆಳಗ ಇಳಕೊಂತ ಪಗಾರ ತಗೊಳ್ಳಾವ್ರು" ಅನ್ನುತ್ತಿದ್ದ.

ಅಳತೆಯ ಮಾತು ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ನಮ್ಮಲ್ಲಿ, ಅಂದರೆ ಮುಸಲ್ಮಾನರಲ್ಲಿ, ಮಲಗಿಸಿ ಮಣ್ಣು ಮಾಡುತ್ತೇವೆ. ಮೈಯುದ್ದಕ್ಕೆ ಒಂದು ಕೋಲು ಕಡಿದು ಮನೆಯವರು ಕಳಿಸುತ್ತಾರೆ. ಲಿಂಗಾಯತರು ಕೂಡಿಸಿ ಮಣ್ಣು ಮಾಡುತ್ತಾರೆ. ಅವರದು ಪಾದದ ಲೆಕ್ಕ. ಸತ್ತವರ ಪಾದದ ಉದ್ದಕ್ಕೆ ಒಂದು ಬಿದಿರಿನ ಸೀಳು ಕಡಿಯಬೇಕು. ಆ ಕೋಲಿನಿಂದ ಒಂಬತ್ತು ಪಾದ ಉದ್ದ, ಐದು ಪಾದ ಅಗಲ. ಒಳಗೆ ಕೂಡಿಸಲು ಒಂದು ಗೂಡು. ಟೇಪು ಇತ್ತು, ಆದರೆ ಕುಣಿಗೆ ಅದನ್ನು ಹಿಡಿಯುತ್ತಿರಲಿಲ್ಲ.

ಇದನ್ನೆಲ್ಲ ನನಗೆ ಕಲಿಸಿದವರು ಮುರಿಗಯ್ಯನವರು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವರ ಮನೆ. ಲಿಂಗಾಯತರ ಮಣ್ಣಿಗೆ ಅವರೇ ಬಂದು ಕ್ರಿಯೆ ಮಾಡಿಸುತ್ತಿದ್ದರು. ಒಬ್ಬ ಸಾಬರವನಿಗೆ ಇದೆಲ್ಲ ಯಾಕೆ ಅನ್ನದೆ, ಕಟ್ಟೆಯ ಮೇಲೆ ಕೂರಿಸಿಕೊಂಡು, ಚಹಾ ಕುಡಿಸಿ ಹೇಳಿಕೊಟ್ಟರು. "ಕೋಲು ಕೆಲಸ ಮುಗದ ಮ್ಯಾಲ ಮುರದು ಕುಣಿಯೊಳಗ ಹಾಕಬೇಕಪಾ. ಒಬ್ಬರ ಅಳತಿಲೆ ತೋಡಿದ್ದನ್ನ ಇನ್ನೊಬ್ಬರಿಗೆ ತಿದ್ದಬಾರದು. ತೋಡಿದ ಕುಣಿ ಹೊತ್ತು ಮುಳುಗೂದರೊಳಗ ಖಾಲಿ ಉಳೀಬಾರದು, ಅದು ತಾನ ಯಾರನ್ನರ ಕರೀತೈತಿ." ಎದ್ದು ಹೊರಟವನನ್ನು ಮತ್ತೆ ಕರೆದು ಅಂದರು: "ಮತ್ತ ನೋಡು, ಜೀವಂತ ಇದ್ದವರ ಪಾದ ಮಾತ್ರ ಎಂದೂ ಅಳೀಬ್ಯಾಡ."

ಈ ಕೊನೆಯದನ್ನು ನಾನು ಮುರಿದೆ. ಅದನ್ನು ಹೇಳುವ ಮೊದಲು ಗೋಡೆಯ ಸಂಗತಿ.

ಮೊದಲು ನಮ್ಮ ಜಾಗಕ್ಕೆ ನಾಲ್ಕೂ ಕಡೆ ಬಯಲು. ದನ ಬಂದು ಕಲ್ಲಿಗೆ ಮೈ ತಿಕ್ಕುತ್ತಿದ್ದವು. ಬಬಲೇಶ್ವರ ಕಡೆಯ ಒಬ್ಬರು ಮಂತ್ರಿಯಾದ ಮೇಲೆ ಗೋಡೆ ಕಟ್ಟಿಸಿದರು, ನೀರಿನ ಪೈಪು ತಂದರು. ನಾವು ಅವರನ್ನು ಸಾಹೇಬರು ಅನ್ನುತ್ತಿದ್ದೆವು. ಬರೀ ಹಾರ ಹಾಕಿ ಫೋಟೋ ತೆಗೆಸಿಕೊಂಡು ಹೋಗುವವರಲ್ಲ. ಪೆಟ್ಟಿಗೆ ಬಂದಾಗ ಹೆಗಲು ಕೊಡುತ್ತಿದ್ದರು. ಆಳು ಎತ್ತರ, ದಪ್ಪ. ಹೆಗಲು ತಗ್ಗಿಸದಿದ್ದರೆ ಪೆಟ್ಟಿಗೆ ಓರೆಯಾಗುತ್ತದೆಂದು ಉದ್ದಕ್ಕೂ ಮೊಣಕಾಲು ಬಗ್ಗಿಸಿ ನಡೆಯುತ್ತಿದ್ದರು. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಗೋಡೆ ಬರುವ ಮೊದಲು ಬಿಗಲ್ ಊದಿದರೆ ದನಿ ಹೊಲಗಳ ಮೇಲೆ ಹೋಗಿ ಕರಗುತ್ತಿತ್ತು. ಗೋಡೆ ಬಂದ ಮೇಲೆ ಕೊನೆಯ ಸೊಲ್ಲು ಅದಕ್ಕೆ ಬಡಿದು ಹೊಳ್ಳಿ ಬರತೊಡಗಿತು. "ಒಳಗಿನವರು ಜವಾಬು ಕೊಡಾಕತ್ತಾರ ಮಾಮಾ" ಅಂತ ಯಲ್ಲಪ್ಪ ನಗುತ್ತಿದ್ದ. ಒಂದು ಸಲ, ಸುಡು ಮಧ್ಯಾಹ್ನ, ತಾಲೀಮಿಗೆಂದು ಊದುತ್ತಿದ್ದ ಜವಾನನಿಗೆ ಧೂಳು ಗಂಟಲಿಗೆ ಹೋಗಿ ಕೆಮ್ಮು ಬಂತು. ಕೊನೆಯ ಸೊಲ್ಲನ್ನು ಅರ್ಧಕ್ಕೆ ಬಿಟ್ಟ. ಗೋಡೆಯ ಕಡೆಯಿಂದ ಅದು ಪೂರ್ತಿಯಾಗಿ ಬಂತು.

ಕೇಳಿದವರು ನಾಲ್ಕು ಮಂದಿ. ಊದಿದವ ಬಿಗಲನ್ನು ಕಂಕುಳಲ್ಲಿ ಅವಚಿಕೊಂಡು ನಿಂತುಬಿಟ್ಟಿದ್ದ. ನಮ್ಮ ಮೇಲಧಿಕಾರಿ ಒಬ್ಬ ನಿವೃತ್ತ ಸುಬೇದಾರರು. ಶಿಸ್ತಿನ ಮನುಷ್ಯ, ಮೀಸೆಯನ್ನೂ ಸಾಲಿನಲ್ಲಿ ನಿಲ್ಲಿಸಿದವರು. ಅವರು ಸ್ವಲ್ಪ ಹೊತ್ತು ಗೋಡೆಯನ್ನೇ ನೋಡಿದರು. "ಇದನ್ನ ಯಾರೂ ಯಾರ ಮುಂದೂ ಆಡಬ್ಯಾಡ್ರಿ" ಅಂದರು. ಯಲ್ಲಪ್ಪ ಆವತ್ತು ನಗಲಿಲ್ಲ.

ಈ ಕೆಲಸದ ಅಂಜಿಕೆಯೆಲ್ಲ ಮಧ್ಯಾಹ್ನದ್ದೇ ನೋಡಿ. ನೆರಳು ಕಾಲಡಿಗೆ ಸೇರಿಕೊಂಡು, ಹಕ್ಕಿಯೂ ಬಾಯಿ ತೆರೆದು ಕೂತಾಗ, ಅಷ್ಟು ಕಲ್ಲುಗಳ ನಡುವೆ ನೀವೊಬ್ಬರೇ ಅಲ್ಲ ಅನ್ನಿಸುತ್ತದೆ. ಕೆಲಸ ಬಿಟ್ಟು ಓಡಬೇಡಿ. ನಾಲ್ಕು ಮಾತು ಗಟ್ಟಿಯಾಗಿ ಆಡಿರಿ. ನಾನು ಹಾಗೇ ಮಾಡುತ್ತಿದ್ದೆ.

ಬೇವಿನ ಗಿಡದ ಬುಡದಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದೆವು. ನಿಡೋಣಿಯ ಮಲ್ಲಪ್ಪನ ಜಾಗ ಅದು. ಮಲ್ಲಪ್ಪ ಹಿಮದ ಗುಡ್ಡದಲ್ಲಿ ಪಹರೆಗೆ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಸೇನೆಯಿಂದ ಬಂದ ಕಾಗದದಲ್ಲಿ ಕಾಣೆಯಾಗಿದ್ದಾರೆ, ತೀರಿಕೊಂಡರೆಂದು ತಿಳಿಯಬೇಕು ಅಂತ ಬರೆದಿತ್ತು. ಅವನ ತಾಯಿ ನೀಲವ್ವ ಅದನ್ನು ಮೂರು ಮಂದಿಯ ಹತ್ತಿರ ಓದಿಸಿದಳಂತೆ. "ತಿಳೀಬೇಕು ಅಂತ ಬರದಾರ. ನಾ ತಿಳ್ಯಾಂಗಿಲ್ಲ" ಅಂದಳಂತೆ.

ಪ್ರತಿ ಅಮಾವಾಸ್ಯೆಗೆ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಬೇವಿನ ಬುಡದಲ್ಲಿ ಕೂತು ಆ ಖಾಲಿ ನೆಲಕ್ಕೆ ಊರ ಸುದ್ದಿ ಹೇಳುತ್ತಿದ್ದಳು. "ಎಮ್ಮಿ ಈದೈತೋ ಮಲ್ಲೂ, ಹೆಣ್ಣಗರಾ. ನಿಮ್ಮ ಕಾಕಾ ಹಲ್ಲ ಕಟ್ಟಿಸಿಕೊಂಡಾನ, ನಗೂದ ಬಿಡವಲ್ಲ." ಒಂದು ಚೀಲದಲ್ಲಿ ಅವನ ಕ್ಯಾನ್ವಾಸ್ ಬೂಟು ತರುತ್ತಿದ್ದಳು, ಒಂದು ಜೊತೆ. ರಜೆಗೆ ಬಂದಾಗ ಮನೆಯಲ್ಲಿ ಬಿಟ್ಟು ಹೋದದ್ದು. ಯಾಕೆ ಯವ್ವಾ ಪ್ರತಿ ಸಲ ಹೊತ್ತು ತರುತ್ತಿ ಅಂದರೆ, "ಬಂದ್ರ ಅವ ಬರಿಗಾಲಲೆ ಬರ್ತಾನ, ಇಲ್ಲಿ ಮುಳ್ಳ ಭಾಳ ಅದಾವ" ಅಂದಳು.

ಹೊರಡುವಾಗ ನನ್ನ ಕಡೆ ತಿರುಗಿ "ಬರ್ತೇನೋ ತಮ್ಮಾ" ಅನ್ನುವಳು. ಮೊದಲನೆಯ ಸಲ ನಾನು ಮೆಲ್ಲಗೆ ಹೇಳಿದೆ:

"ಯವ್ವಾ, ಇಲ್ಲಿಂದ ಹೋಗುಮುಂದ ಹಂಗ ಅನ್ನಬಾರದು."

"ಯಾಕ? ಇಲ್ಲಿ ನಮ್ಮವರು ಯಾರ ಸತ್ತಾರ?"

ನಾನು ಗೇಟು ತೆರೆದುಕೊಟ್ಟೆ. ಅಲ್ಲಿಂದ ಮುಂದೆ ಅಷ್ಟು ವರ್ಷ, ಆ ಗೇಟಿನಲ್ಲಿ "ಬರ್ತೇನಿ" ಅಂದವಳು ಅವಳೊಬ್ಬಳೇ.

ಒಂದು ಅಮಾವಾಸ್ಯೆ ಅವಳೇ ಬೂಟು ನನ್ನ ಮುಂದಿಟ್ಟಳು. "ಇದರಾಗಿಂದ ಪಾದದ ಅಳತಿ ತಗೊಂಡ ಇಡು. ಕುಣಿ ತೋಡಬ್ಯಾಡ ಮತ್ತ. ಅವ ಬಂದ ಅಂದ್ರ ಕೋಲ ಒಲಿಗೆ ಹಾಕ್ತೇನಿ." ಬರದಿದ್ದರೆ ಅನ್ನುವುದನ್ನು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಿದಿರು ಸೀಳಿ ಕೊಟ್ಟೆ. ಅದಕ್ಕೊಂದು ಕೆಂಪು ದಾರ ಕಟ್ಟಿದಳು. ಯಾರ ಕೈಗೂ ಸಿಗದಿರಲಿ ಅಂತ ಸಾಮಾನು ಕೋಣೆಯಲ್ಲಿ ಎಲ್ಲಕ್ಕಿಂತ ಮೇಲಿನ ಮೊಳೆಗೆ ತೂಗುಹಾಕಿದೆ. ಸ್ಟೂಲ್ ಹತ್ತದೆ ಅದು ನನಗೂ ಎಟುಕುತ್ತಿರಲಿಲ್ಲ.

ಇನ್ನು ಸಾಹೇಬರು. ಚುನಾವಣೆ ಸೋತ ಮೇಲೆ ಅವರ ಹಿಂದಿನ ಗಾಡಿಗಳೆಲ್ಲ ಕರಗಿದವು. ಒಂದು ಮಧ್ಯಾಹ್ನ ತಾವೇ ಗಾಡಿ ಓಡಿಸಿಕೊಂಡು ಒಬ್ಬರೇ ಬಂದರು. ಕೆರವು ಕಳೆದು, ಬೇವಿನ ಬುಡದಲ್ಲಿ, ಸರಿಯಾಗಿ ಮಲ್ಲಪ್ಪನ ಜಾಗದಲ್ಲಿ ಕೂತರು. ನಾನು ನೀರು ಕೊಟ್ಟೆ.

"ಮೇಸ್ತ್ರಿ, ಎಲ್ಲಾ ಕಡೆ ಬೆಂಕಿ ಬೀಳಾಕತ್ತೈತಿ. ಇಲ್ಲೊಂದ ಕಡೆ ನೆಲ ತಂಪ ಐತಲ್ಲೋ."

"ಗಿಡದ ನೆಳ್ಳರಿ."

"ನೆಳ್ಳಿಂದ ಅಲ್ಲ, ಒಳಗಿಂದ ಬರಾಕತ್ತೈತಿ." ಅಂಗೈಯನ್ನು ನೆಲಕ್ಕೆ ಒತ್ತಿ ಕೂತರು. ಆಮೇಲೆ, "ನಾ ಸತ್ತ ಮ್ಯಾಲ ನನ್ನ ಇಲ್ಲೇ ಕುಂಡ್ರಸ್ತಿಯೇನು?" ಅಂದರು.

ನಗೆಚಾಟಿಕೆ ಅಂದುಕೊಂಡೆ. ಅವರ ಮುಖ ನಗುತ್ತಿರಲಿಲ್ಲ. "ಇದು ಸೈನಿಕರದರಿ" ಅಂದೆ.

"ಗ್ವಾಡಿ ಕಟ್ಟಿಸಿದಾವ್ ನಾನು. ನೀರ ತಂದಾವ್ ನಾನು. ಇಲ್ಲಿಗೆ ಬಂದ ಎಷ್ಟ ಹುಡುಗರಿಗೆ ಹೆಗಲ ಕೊಟ್ಟೇನಿ, ನೀನ ನೋಡಿ. ಅವರು ಒಂದ ನಮೂನಿ ದೇಶಕ್ಕ ದುಡದ್ರು, ನಾ ಒಂದ ನಮೂನಿ ದುಡದೆ. ಈಟ ಜಾಗಾ ನನಗ ಸಲ್ಲಾಂಗಿಲ್ಲೇನು?"

ದೊಡ್ಡವರ ಮುಂದೆ ತಗ್ಗಿ ಮಾತಾಡಬೇಕು ಅಂತ ಅಜ್ಜ ಕಲಿಸಿದ್ದ. ತಗ್ಗಿಯೇ ಅಂದೆ: "ಸಾಹೇಬರ, ನೀವು ಮಾಡಿದ್ದನ್ನ ಇಲ್ಲ ಅಂದ್ರ ನನ್ನ ನಾಲಿಗಿ ಬಿದ್ದ ಹೋಗ್ತೈತಿ. ಆದ್ರ ಇಲ್ಲಿದ್ದವರು ಯಾರೂ ಜಾಗಾ ಕೇಳಿ ಬಂದವರಲ್ಲರಿ."

ಅವರು ನೆಲಕ್ಕೊತ್ತಿದ್ದ ಅಂಗೈ ತೆಗೆದರು. ಸಿಟ್ಟಾದರು ಅಂದುಕೊಂಡೆ. ಎದ್ದು ಬಂದು ಸಾಮಾನು ಕೋಣೆಯ ಬಾಗಿಲಲ್ಲಿ ನಿಂತು, ಮೇಲಿನ ಮೊಳೆಯ ಕಡೆ ಬೆರಳು ಮಾಡಿದರು. "ಅದು ಆ ನಿಡೋಣಿ ಹುಡುಗನ ಕೋಲ ಹೌದಲ್ಲೋ? ಯಲ್ಲಪ್ಪ ಹೇಳ್ಯಾನ. ನನ್ನ ಪಾದಾನೂ ತಗೋ. ಇಲ್ಲಿ ಅಲ್ಲಾ ಅಂದ್ರ ಇನ್ನೆಲ್ಲೆರ ಕೆಲಸಕ್ಕ ಬರ್ತೈತಿ."

"ಜೀವಂತ ಇದ್ದವರದು ಅಳೀಬಾರದರಿ."

"ಅವ ಸತ್ತಾನ ಅಂತ ನಿನಗ ಯಾರ ಹೇಳ್ಯಾರ?"

ಆ ಮಾತಿಗೆ ಸೋತೆ. ಅವರು ಪಾದವನ್ನು ಹಲಗೆಯ ಮೇಲೆ ಇಟ್ಟರು. ಬಿದಿರು ಪಕ್ಕಕ್ಕಿಟ್ಟು ಗುರುತು ಮಾಡುವಾಗ ನನ್ನ ಬೆರಳು ಅವರ ಹಿಮ್ಮಡಿಗೆ ತಗುಲಿತು. ಬೆಚ್ಚಗಿತ್ತು. ಅಷ್ಟು ವರ್ಷದಲ್ಲಿ ನಾನು ಅಳೆದ ಪಾದಗಳಲ್ಲಿ ಬೆಚ್ಚಗಿದ್ದದ್ದು ಅದೊಂದೇ. ಆ ಕೋಲನ್ನು ಬಾಗಿಲ ಪಕ್ಕದ ಕೆಳಗಿನ ಮೊಳೆಗೆ ಹಾಕಿದೆ. ಮುರಿಗಯ್ಯನವರಿಗೆ ಹೇಳಲಿಲ್ಲ.

ಮುಂದಿನ ಬೇಸಿಗೆ ಮುಗಿಯುವ ಮೊದಲು ಸಾಹೇಬರು ತೀರಿಕೊಂಡರು.

ಸುದ್ದಿ ಬಂದಾಗ ಬೆಳಗ್ಗೆ ಚಹಾದ ಹೊತ್ತು. ಹಿಂದೆಯೇ ಮೇಲಿನಿಂದ ಸುಬೇದಾರರಿಗೆ ಫೋನು: ಅವರನ್ನು ಸೈನಿಕರ ಸಾಲಿನಲ್ಲೇ ಮಣ್ಣು ಮಾಡಬೇಕು, ಮಧ್ಯಾಹ್ನಕ್ಕೆ ಕುಣಿ ತಯಾರಿರಬೇಕು. ಉಳಿದಲ್ಲೆಲ್ಲ ಕಲ್ಲು. ಅಷ್ಟರೊಳಗೆ ತೋಡಿ ಮುಗಿಸುವಷ್ಟು ಮೆತ್ತಗೆ ಇದ್ದದ್ದು ಬೇವಿನ ಬುಡ ಒಂದೇ.

ಸುಬೇದಾರರು ಫೋನು ಮೇಜಿನ ಮೇಲಿಟ್ಟು, ಟೋಪಿ ತೆಗೆದು, ತಲೆ ಒರೆಸಿಕೊಂಡರು. "ಹುಸೇನಸಾಬ, ಆ ಮನಶ್ಯಾ ಕೆಟ್ಟಾವಲ್ಲ. ಅದಕ್ಕ ಇಲ್ಲ ಅನ್ನೂದು ಕಠಿಣ ಆಗೇತಿ. ಇವತ್ತ ಒಳ್ಳೆಯಾವ್ ಒಬ್ಬಗ ಕೊಟ್ವಿ. ನಾಳೆ ಬರಾವ್ ಎಂಥಾವ್ ಅಂತ ಯಾರ ನೋಡ್ಯಾರ? ಅವಗ ಯಾವ ಬಾಯಿಲೆ ಇಲ್ಲ ಅನ್ನೂಣು?"

ಯಲ್ಲಪ್ಪ ಕೈಯಲ್ಲಿದ್ದ ಕೊಡ ತೋರಿಸಿದ. "ಈ ನೀರ ಯಾರ ತಂದಾರರಿ? ಅವರ ನೀರ ಕುಡಕೊಂತ ಅವರಿಗೆ ಜಾಗಾ ಇಲ್ಲ ಅಂದ್ರ ಗಂಟಲದಾಗ ಇಳಿತೈತೇನರಿ?"

ಇಬ್ಬರದೂ ಖರೆಯೇ ಅನ್ನಿಸಿತು. ನನಗೆ ಮಾತ್ರ ನೀಲವ್ವನದೇ ಚಿಂತೆ. ಅವಳಿಗೆ ಉಳಿದದ್ದು ಆ ಒಂದು ತುಂಡು ನೆಲ. ಅದರ ಮೇಲೆ ಇನ್ನೊಬ್ಬರನ್ನು ಕೂಡಿಸಿದರೆ ಅವಳು ಸುದ್ದಿ ಹೇಳುವುದು ಯಾರಿಗೆ? ಆವತ್ತು ಅಮಾವಾಸ್ಯೆ. ಅವಳು ಬರುವ ದಿನ. ಸುಬೇದಾರರಿಗೆ ಹೇಳಿದೆ. "ಆರ್ಡರ್ ಆಗೇತಿ. ತೋಡು" ಅಂದರು. ಮುಖ ಗೋಡೆಯ ಕಡೆ ಇತ್ತು.

ಸಾಮಾನು ಕೋಣೆಗೆ ಹೋದೆ. ಬಾಗಿಲ ಪಕ್ಕ ಕೈ ಹಾಕಿ ಕೋಲು ತೆಗೆದುಕೊಂಡು ಹೊರಗೆ ಬಂದೆ. ನನಗೆ ನೆನಪಿರುವುದು ಇಷ್ಟೇ. ಹೊರಗಿನ ಬೆಳಕಿಗೆ ಕಣ್ಣು ಕುಕ್ಕಿತು.

ತೋಡಿದೆವು. ಅದು ಗರಸು ಅನ್ನುವಂತೆಯೇ ಇರಲಿಲ್ಲ. ಗುದ್ದಲಿ ಹಾಕಿದರೆ ಸಪ್ಪಳವೇ ಇಲ್ಲ. ಜೋಳದ ಹಿಟ್ಟಿನೊಳಗೆ ಕೈ ಇಟ್ಟಂತೆ. ಎದೆಮಟ್ಟ ಇಳಿಯುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ, ಆದರೂ ಮೈ ಬೆವರಲಿಲ್ಲ. ಯಲ್ಲಪ್ಪನ ತೋಳಿನ ಕೂದಲು ನಿಂತಿದ್ದವು.

"ಮಾಮಾ, ಅವರ ಮೈಗೆ ಇದು ಸಣ್ಣದ ಆತಲ್ಲ."

"ಕೋಲು ಹಿಡದೇ ತೋಡೇವಿ. ನಿನ್ನ ಕಣ್ಣಿಗಿಂತ ಕೋಲು ಖರೇ."

"ಖರೇ ಖರೇ" ಅಂದ. ಯಲ್ಲಪ್ಪ ಸುಮ್ಮನಾದದ್ದೇ ನನಗೆ ಎಲ್ಲಕ್ಕಿಂತ ಹೆಚ್ಚು ಅಂಜಿಕೆ ತಂದದ್ದು.

ಮೆರವಣಿಗೆ ಬಂತು. ಸಾಹೇಬರನ್ನು ಅಲಂಕರಿಸಿದ ಕುರ್ಚಿಯಲ್ಲಿ ಕೂಡಿಸಿ ಹೊತ್ತಿದ್ದರು. ಜೊತೆಗೆ ಅವರ ಮಗಳು, ಬಿಸಿಲಿಗೆ ಸೆರಗನ್ನೂ ಹೊದ್ದುಕೊಳ್ಳದೆ. ಮುರಿಗಯ್ಯನವರು ಮನೆಯಲ್ಲೇ ದೇಹದ ಪಾದಕ್ಕೆ ಹಿಡಿದು ತಂದ ದಾರ ಬಿಚ್ಚಿಕೊಂಡು ಕುಣಿಗೆ ಇಳಿದರು. ಒಂದು, ಎರಡು, ಮೂರು ಅಂತ ಅಳೆದುಕೊಂಡು ಹೋದರು. ಒಂಬತ್ತನೆಯದು ಕುಣಿಯ ಗೋಡೆ ದಾಟಿ ಮಣ್ಣಿನೊಳಗೆ ಹೋಗಬೇಕಿತ್ತು. ಅರ್ಧ ಮೊಳ ಕಡಿಮೆ. ಮತ್ತೊಮ್ಮೆ ಅಳೆದರು. ತಲೆಯೆತ್ತಿ ನನ್ನನ್ನು ನೋಡಿದರು.

"ಮೇಸ್ತ್ರಿ, ಇದು ಅವರ ಕುಣಿ ಅಲ್ಲ."

ಕೈಯಲ್ಲಿದ್ದ ಕೋಲನ್ನು ಆಗ ಸರಿಯಾಗಿ ನೋಡಿದೆ. ತುದಿಗೆ ದಾರ. ಬಣ್ಣ ಹೋಗಿ ಮಣ್ಣಿನಂತೆಯೇ ಆಗಿದ್ದ ಕೆಂಪು ದಾರ.

"ಅಳತಿ ಏನ ಹಚ್ಚೀರಿ, ಅಗಲ ಮಾಡ್ರಿ!" ಅಂತ ಹಿಂಬಾಲಕರಲ್ಲಿ ಒಬ್ಬ ಕೂಗಿದ. ತಿದ್ದಬಾರದು ಅಂದರು ಮುರಿಗಯ್ಯನವರು. ಅವನು ಕೇಳಲಿಲ್ಲ. "ಲೇ, ಹಾರಿ ತಗೋ" ಅಂದ. ಯಲ್ಲಪ್ಪ ಅಂಜುತ್ತಲೇ ಒಂದು ಪೆಟ್ಟು ಹಾಕಿದ. ಅಲ್ಲಿಯವರೆಗೆ ಹಿಟ್ಟಿನಂತಿದ್ದ ಗೋಡೆಯಿಂದ ಕಿಡಿ ಹಾರಿತು. ಕರಿಕಲ್ಲು. ನಾಲ್ಕೂ ಬದಿಗೆ ಬಡಿದ. ನಾಲ್ಕೂ ಬದಿಗೆ ಕಲ್ಲು.

ಆ ಹೊತ್ತಿಗೆ ನೀಲವ್ವ ಗೇಟಿನಿಂದ ಒಳಗೆ ಬಂದಳು.

ಅವಳಿಗೆ ಏನೂ ತಿಳಿದಿರಲಿಲ್ಲ. ಕಂಡದ್ದು ಬಾವುಟ, ಪೊಲೀಸರು, ಹೂವಿನ ಕುರ್ಚಿ, ಮತ್ತು ತನ್ನ ಮಗನ ಜಾಗದಲ್ಲಿ ತೆರೆದ ಕುಣಿ. ಜನ ತಾವಾಗಿ ದಾರಿ ಬಿಟ್ಟರು. ಚೀಲವನ್ನು ಎದೆಗೆ ಅವಚಿಕೊಂಡು, ಎಡವುತ್ತ, ನೇರ ನನ್ನ ಹತ್ತಿರ ಬಂದಳು.

"ಬಂದಾನೇನೋ ತಮ್ಮಾ? ನನ್ನ ಮಲ್ಲೂ ಬಂದಾನೇನೋ?"

ನಾನು ಅವಳ ಕಾಲ ಬಳಿ ಕೂತುಬಿಟ್ಟೆ. "ಇಲ್ಲಬೇ ಯವ್ವಾ. ಇವರು ಬೇರೆ. ನಾ ಕೋಲ ತಪ್ಪಿದೆ."

ಸಾಹೇಬರ ಮಗಳು ಹತ್ತಿರ ಬಂದರು. ಈ ತಾಯಿ ಯಾರು, ಕೋಲು ಯಾರದು ಅಂತ ಕೇಳಿದರು. ಎಲ್ಲ ಹೇಳಿದೆ. ಕೆಲಸ ಹೋಗುತ್ತದೆ ಅನ್ನುವುದು ಗೊತ್ತಿತ್ತು. ಹೇಳದೆ ಇರುವುದು ಆಗಲಿಲ್ಲ. ಅವರು ನನ್ನನ್ನೇ ನೋಡಿ, "ಮೇಸ್ತ್ರಿ ನೀವ ಏನು? ಅಪ್ಪಾರು ಒಮ್ಮಿ ಊಟಕ್ಕ ಕುಂತಾಗ ಅಂದಿದ್ದರು, ಸಮಾಧಿ ಮೇಸ್ತ್ರಿ ಒಂದ ಮಾತ ಅಂದ, ಅದಕ್ಕ ಜವಾಬು ಸಿಗಲಿಲ್ಲ ಅಂತ. ಏನ ಮಾತರಿ ಅದು?" ಅಂದರು.

"ಇಲ್ಲಿದ್ದವರು ಯಾರೂ ಜಾಗಾ ಕೇಳಿ ಬಂದವರಲ್ಲ ಅಂದಿದ್ದೆರಿ ಅಕ್ಕಾರ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕೊಳ್ರಿ."

ಅವರು ತಂದೆಯ ಮುಖ ನೋಡಿದರು. ಆಮೇಲೆ ನೀಲವ್ವನ ಕಾಲು ಮುಟ್ಟಿ, ಹೊತ್ತವರ ಕಡೆ ತಿರುಗಿದರು. "ಎತ್ರಿ. ಬಬಲೇಶ್ವರಕ್ಕ ಹೋಗೂಣು, ನಮ್ಮ ಹೊಲಕ್ಕ. ಅಪ್ಪಾರನ್ನ ಅವರವ್ವನ ಬಾಜೂ ಕುಂಡ್ರಸೂಣು." ಯಾರೋ ಏನೋ ಅನ್ನಲು ಬಾಯಿ ತೆರೆದರು. "ಎತ್ರಿ ಅಂದೆ" ಅಂದರು. ಸುಬೇದಾರರು ಸೆಟೆದು ನಿಂತು ಸಾಹೇಬರಿಗೆ ಒಂದು ಸೆಲ್ಯೂಟ್ ಹೊಡೆದರು. ಅದನ್ನು ಹೊಡೆಯಿರಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

"ಅಪ್ಪಾರ ಕೋಲು ಕೊಡ್ರಿ" ಅಂದರು ಮಗಳು. ತರಲು ಕೋಣೆಗೆ ಹೋದೆ.

ಸಾಹೇಬರ ಕೋಲು ಬಾಗಿಲ ಪಕ್ಕದ ಮೊಳೆಗೇ ಇತ್ತು. ಅದರ ಮೇಲೆ ಜೇಡರ ಬಲೆ, ಎಳೆ ಕೂಡ ಹರಿದಿರಲಿಲ್ಲ. ಮೇಲಿನ ಮೊಳೆ ಖಾಲಿ. ಸ್ಟೂಲು ಆಚೆ ಮೂಲೆಯಲ್ಲಿತ್ತು, ಅದರ ಮೇಲೆ ಹಿಂದಿನ ವಾರ ನಾನೇ ಇಟ್ಟ ಸುಣ್ಣದ ಡಬ್ಬಿ ಇಟ್ಟಲ್ಲೇ ಇತ್ತು. ನಾನು ಯಾವಾಗ ಹತ್ತಿದೆ, ಏನು ಹತ್ತಿದೆ, ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ವಿಚಾರಣೆಗೆ ಕರೆದಾಗ "ಕಣ್ತಪ್ಪಿನಿಂದ" ಅಂತ ಬರೆದುಕೊಟ್ಟೆ. ಕೆಲಸ ಉಳಿಯಿತು. ಮಗಳೇ ಮಾತಾಡಿ ಉಳಿಸಿದರು ಅಂತ ಸುಬೇದಾರರು 'ಯಾರಿಗೂ ಹೇಳಬ್ಯಾಡ' ಅಂದು ಹೇಳಿದರು.

ಮೆರವಣಿಗೆ ಹೋಯಿತು. ಉಳಿದವರು ನಾವು ನಾಲ್ವರು: ನಾನು, ಯಲ್ಲಪ್ಪ, ಸುಬೇದಾರರು, ನೀಲವ್ವ. ಮತ್ತು ಆ ಕುಣಿ. ಹೊತ್ತು ಪಡುವಣಕ್ಕೆ ವಾಲುತ್ತಿತ್ತು. ಖಾಲಿ ಬಿಡುವಂತಿರಲಿಲ್ಲ. ಬರೀ ಮಣ್ಣು ತುಂಬಿ ಒಂದು ಗುಂಡುಕಲ್ಲು ಹೂಳಿದರೂ ನಡೆಯುತ್ತದೆ. ಹಾಗೇ ಮಾಡುತ್ತೇನೆ ಅಂದೆ. ನೀಲವ್ವ ಕುಣಿಯ ಅಂಚಿನಲ್ಲಿ ಕೂತು ಒಳಗೆ ನೋಡುತ್ತಿದ್ದಳು.

"ನನ್ನ ಇಳಸೋ" ಅಂದಳು.

"ಯವ್ವಾ, ಬ್ಯಾಡ."

"ಇಳಸೋ ಅಂದ್ರ ಇಳಸೋ ಹುಸೇನಿ."

ನಾನು ಒಂದು ಕೈ, ಯಲ್ಲಪ್ಪ ಒಂದು ಕೈ ಹಿಡಿದು ಇಳಿಸಿದೆವು. ಗೂಡಿನಲ್ಲಿ ಹೋಗಿ, ಸತ್ತವರನ್ನು ಕೂಡಿಸುವಂತೆಯೇ, ಮಡಚಿದ ಕಾಲ ಮೇಲೆ ಕೈಯಿಟ್ಟು ಕೂತಳು. ಕಣ್ಣು ಮುಚ್ಚಿದಳು. ಎಷ್ಟು ಹೊತ್ತೋ. ಉಸಿರಾಡುತ್ತಾಳೋ ಇಲ್ಲವೋ ಅಂತ ಯಲ್ಲಪ್ಪ ಬಗ್ಗಿ ನೋಡಿದ.

"ತಂಪ ಐತಿ" ಅಂದಳು ಒಳಗಿನಿಂದ. "ಅಲ್ಲೆ ಹಿಮದಾಗ ಇದ್ದಾವಗ ಇಲ್ಲಿ ಬಿಸಲ ತಡ್ಯಾಂಗಿಲ್ಲ ಅಂತ ಚಿಂತಿ ಮಾಡ್ತಿದ್ನಿ. ಇರಲಿ. ಅವಗ ಸರಿ ಆಗತೈತಿ."

ಚೀಲ ಕೇಳಿದಳು. ಬೂಟು ತೆಗೆದು, ಸೆರಗಿನಿಂದ ಒರೆಸಿ, ಜೋಡಿಸಿ ಗೂಡಿನಲ್ಲಿ ಇಟ್ಟಳು. ಕೋಲು ಕೇಳಿದಳು. ಅದನ್ನು ಮುರಿಯುವುದು ಗಂಡುಮಕ್ಕಳ ಕೆಲಸ. ಅವಳೇ ಮೊಣಕಾಲಿಗೆ ಹಚ್ಚಿ ಮುರಿದಳು. ಆ ಸಪ್ಪಳ ಗೋಡೆಗೆ ಹೋಗಿ ತಿರುಗಿ ಬಂತು. ಮೇಲೆತ್ತಿದೆವು. ಮೊದಲ ಹಿಡಿ ಮಣ್ಣು ಅವಳು ಹಾಕಿದಳು. ಹೊತ್ತು ಮುಳುಗುವುದರೊಳಗೆ ಸರಿಮಾಡಿದೆವು. ಆಮೇಲೆ ಸೊಲ್ಲಾಪುರ ರಸ್ತೆಯ ಕಲ್ಲುಕುಟಿಗರಿಂದ ಕೆತ್ತಿಸಿ ತಂದು ಅಲ್ಲಿ ನಿಲ್ಲಿಸಿದ ಕಲ್ಲಿನಲ್ಲಿ ಹೆಸರಿದೆ, ಊರಿದೆ. ತೀರಿದ ದಿನದ ಸಾಲು ಖಾಲಿ ಇದೆ. ಯಾರಾದರೂ ಅದನ್ನು ತುಂಬಿಸಿ ಅಂದರೆ ಕೈಮುಗಿದು ಇಲ್ಲ ಅನ್ನಿರಿ.

ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ನೀಲವ್ವ ಗೇಟಿನ ಕಡೆ ನಡೆದಳು. ನಾನು ರೂಢಿಯಂತೆ ಹಿಂದೆ ಹೋದೆ, ಅವಳ ಮಾತಿಗೆ ಕಾದೆ. ಗೇಟಿನಲ್ಲಿ ಒಂದು ಸಲ ನಿಂತಳು. ತುಟಿ ಅಲುಗಿತು. ಏನೂ ಅನ್ನಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಎಲ್ಲರಂತೆ, ಸುಮ್ಮನೆ ಹೊರಟಳು.

ಅವಳು ಗೇಟು ದಾಟಿದಾಗ ಗೋಡೆಯ ಕಡೆಯಿಂದ ದನಿ ಬಂತು. ಹರೆಯದ ದನಿ, ರಜೆ ಮುಗಿಸಿ ಬಸ್ಸು ಹತ್ತುವವನದು.

"ಬರ್ತೇನಬೇ ಯವ್ವಾ."

ಯಲ್ಲಪ್ಪ ಸಲಿಕೆ ಕೆಳಗೆ ಬಿಟ್ಟ. ನೀಲವ್ವನಿಗೆ ಕೇಳಿಸಿತು, ಅವಳ ಹೆಜ್ಜೆ ತಡೆಯಿತು. ಆದರೆ ಹಿಂದೆ ತಿರುಗಿ ನೋಡಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ತಿಕೋಟಾದಿಂದ ಬರುವ ಬಸ್ಸಿಗೆ ಕೈ ಮಾಡಿದಳು.